ಪಿಸ್ತೂಲಿನ ಮಂಗಳಸ್ನಾನ

ಇಂಗ್ಲೆಂಡಿನ ಕಾನೂನಿನ ಪ್ರಕಾರ ಬಹಳ ಹಳೆಯ ಕೋವಿಯನ್ನು ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಇಟ್ಟುಕೊಳ್ಳಬಹುದು. ಆದರೆ ಅದು ಕುತೂಹಲದ ವಸ್ತುವಾಗಿರಬೇಕು, ಇಲ್ಲವೇ ಅಲಂಕಾರದ ವಸ್ತುವಾಗಿರಬೇಕು. ಮೊದಲನೆಯ ಕೋವಿಯನ್ನು ಮನೆಗೆ ತಂದ ದಿನ ಈ ವಾಕ್ಯವನ್ನು ನಾನು ನನ್ನ ಹೆಂಡತಿಗೆ ಸಂಧ್ಯಾವಂದನೆಯ ಮಂತ್ರದಂತೆ ಗಂಭೀರವಾಗಿ ಓದಿ ಹೇಳಿದೆ.

"ನಂಗೆ ಕುತೂಹಲ ಇಲ್ಲ. ಇದು ಅಲಂಕಾರವೂ ಅಲ್ಲ," ಎಂದಳು. "ಹಾಗಾದ್ರೆ ಯಾವ ಲೆಕ್ಕದಲ್ಲಿ ಇಟ್ಕೋತೀರಿ?"

ಪಾರ್ಲಿಮೆಂಟಿಗೆ ಹೊಳೆಯದ ಪ್ರಶ್ನೆ ಅದು. ಅಂತೂ ಲಂಡನ್ನಿನ ಕೆಂಟನ್‌ನಲ್ಲಿದ್ದ ನಮ್ಮ ಮನೆಯ ಮಹಡಿಯ ಸಣ್ಣ ಕೋಣೆ ನನ್ನ ಬಾಯಲ್ಲಿ ಆಯುಧಾಗಾರವಾಯಿತು, ಅವಳ ಬಾಯಲ್ಲಿ ಗುಜರಿ ರೂಮಾಯಿತು. ವಸ್ತುನಿಷ್ಠವಾಗಿ ಹೇಳುವುದಾದರೆ ಅವಳ ಹೆಸರೇ ಸರಿ. ಅಲ್ಲಿದ್ದ ಉದ್ದನೆಯ ಕೋವಿಗಳಲ್ಲಿ ಒಂದರ ಹಿಡಿ ಹುಳು ತಿಂದದ್ದು, ಇನ್ನೊಂದರ ನಳಿಗೆ ಬಾಗಿದ್ದು. ರಾಜರ ಕಾಲದ್ದೆಂದು ನಾನು ಹೆಮ್ಮೆಯಿಂದ ಕೊಂಡ ಮೂರನೆಯದು ಪ್ರವಾಸಿಗರಿಗೆಂದೇ ತಯಾರಾದದ್ದು ಎಂದು ಆಮೇಲೆ ತಿಳಿಯಿತು. ಕೌನ್ಸಿಲ್ ಕಚೇರಿಯಲ್ಲಿ ದುಡಿದ ಮನುಷ್ಯ ಹರಾಜಿಗೆ ಹೋದರೆ ಇಂಥವೇ ಸಿಗುತ್ತವೆ. ಒಳ್ಳೆಯವು ಬರುವಾಗ ಕೈಯಲ್ಲಿರುವ ನಂಬರಿನ ಹಲಗೆಯನ್ನು ಮೊಣಕಾಲ ಮೇಲೆ ಕವುಚಿಟ್ಟುಕೊಂಡು ಕಲಾರಸಿಕನಂತೆ ತಲೆದೂಗುವುದಷ್ಟೇ ನಮ್ಮ ಪಾಲಿನ ಕೆಲಸ.

ಒಂದು ಮಾತ್ರ ಹಾಗಲ್ಲ. ಅದೊಂದು ಹಿತ್ತಾಳೆ ನಳಿಗೆಯ ಪಿಸ್ತೂಲು. ಚಕಮಕಿ ಕಲ್ಲಿನಿಂದ ಕಿಡಿ ಹಾರಿಸುವ ಕಾಲದ್ದು, ಎರಡು ಶತಮಾನಕ್ಕೂ ಹಿಂದಿನದು. ದಕ್ಷಿಣ ಲಂಡನ್ನಿನ ಒಂದು ಹರಾಜು ಕೋಣೆಯಲ್ಲಿ, ಕೋವಿಮದ್ದಿನ ಬುರುಡೆಗಳ ಜೊತೆ ಒಂದು ತಟ್ಟೆಯಲ್ಲಿ ಬಿದ್ದಿತ್ತು. ಕ್ಯಾಟಲಾಗಿನಲ್ಲಿ 'ಭಾರತೀಯ, ನಳಿಗೆಯ ಮೇಲೆ ಬಳ್ಳಿಯ ಕೆತ್ತನೆ' ಎಂದಿತ್ತು. ಹರಾಜಿನ ಹಿಂದಿನ ದಿನ ನೋಡಲು ಬಿಡುತ್ತಾರಲ್ಲ, ಆಗ ಕೈಗೆತ್ತಿಕೊಂಡು ಟಾರ್ಚನ್ನು ಓರೆಯಾಗಿ ಹಿಡಿದೆ. ಬಳ್ಳಿ ಕನ್ನಡ ಮಾತಾಡಿತು.

ನಾಲ್ಕು ಅಕ್ಷರ. ಎರಡು ಸ್ಪಷ್ಟ, ಒಂದು ಅನುಮಾನ, ಇನ್ನೊಂದು ಬರೀ ನೆರಳು. ಬಳ್ಳಿ ಎಂದವನದು ತಪ್ಪೆನ್ನಲಾರೆ. ಗೊತ್ತಿಲ್ಲದವನ ಕಣ್ಣಿಗೆ ನಮ್ಮ ಅಕ್ಷರ ಬಳ್ಳಿಯೇ. ಆಳವಾಗಿ ಕೊರೆದದ್ದಲ್ಲ ಅದು. ಯಾರೋ ಮೊಳೆಯ ತುದಿಯಿಂದ ಗೀಚಿದಂತಿತ್ತು. ಕಾಲದ ಕರಿ ಆ ಗೀರುಗಳಲ್ಲಿ ಕೂತದ್ದರಿಂದಲೇ ಕಾಣುತ್ತಿತ್ತು. ಮರುದಿನ ಹಲ್ಲುನೋವಿನವನ ಹಾಗೆ ಮುಖ ಮಾಡಿಕೊಂಡು ಹಿಂದಿನ ಸಾಲಿನಲ್ಲಿ ಕೂತೆ. ಇನ್ನಾರಿಗೂ ಬೇಡವಾಗಿತ್ತು. ಸುತ್ತಿಗೆ ಬಿತ್ತು, ನನ್ನದಾಯಿತು.

ಆಮೇಲಿನ ವರ್ಷಗಳಲ್ಲಿ ಬೆಳಗಿನ ಕಾಫಿ ಹಿಡಿದು ಮಹಡಿ ಹತ್ತುವುದು, ಕಿಟಕಿಯ ಬಳಿ ಪಿಸ್ತೂಲನ್ನು ತಿರುಗಿಸುವುದು ನನ್ನ ನಿತ್ಯಕರ್ಮವಾಯಿತು. ಬೇಸಗೆಯ ಬೆಳಕಿನಲ್ಲಿ ಅದು ಒಬ್ಬ ಮನುಷ್ಯನ ಹೆಸರು. ಚಳಿಗಾಲದಲ್ಲಿ ಒಂದು ಊರು. ಮೋಡವಿದ್ದರೆ ಏನೂ ಅಲ್ಲ. ಯಾವನೋ ಕಾವಲಿನವನು ಬೇಸರಕ್ಕೆ ತನ್ನ ಹೆಸರು ಗೀಚಿಕೊಂಡಿರಬೇಕು. ಅವನ ಬಗ್ಗೆ ಈ ಲೋಕದಲ್ಲಿ ಉಳಿದದ್ದು ಅಷ್ಟೇ, ಅದನ್ನು ಓದಲು ಉಳಿದವನು ನಾನೊಬ್ಬನೇ, ನನಗೂ ಪೂರ್ತಿ ಬರುತ್ತಿರಲಿಲ್ಲ.

ಹೆಂಡತಿಯ ಮೊಣಕಾಲು ಇದಕ್ಕೆಲ್ಲ ಮುಕ್ತಾಯ ಹಾಡಿತು. ಮೆಟ್ಟಿಲು ಹತ್ತಬಾರದೆಂದು ನಮ್ಮ ಜಿಪಿ ಡಾಕ್ಟರು ಹೇಳಿದರು. ಮನೆ ಮಾರಿ, ಲಿಫ್ಟ್ ಇರುವ ಸಣ್ಣ ಫ್ಲ್ಯಾಟಿಗೆ ಹೋಗುವುದೆಂದಾಯಿತು. ಫ್ಲ್ಯಾಟಿನ ಗೋಡೆಗೆ ಮೊಳೆ ಹೊಡೆಯುವಂತಿಲ್ಲ ಎಂಬ ನಿಯಮವಿತ್ತು. ನಿಯಮ ಇಲ್ಲದಿದ್ದರೂ ಅಲ್ಲಿರುವುದು ಗೋಡೆಯಲ್ಲ, ಬಿಸ್ಕತ್ತು. ಮಗಳಿಗೆ ಫೋನ್ ಮಾಡಿದೆ.

"ಪಿಸ್ತೂಲೊಂದನ್ನಾದರೂ ಇಟ್ಕೋತೀಯೇನಮ್ಮಾ? ಅದರ ಮೇಲೆ ಕನ್ನಡ ಇದೆ."

"ಅಪ್ಪಾ, ಐ ಹ್ಯಾವ್ ಟೂ ಸ್ಮಾಲ್ ಕಿಡ್ಸ್."

"ಅದು ಸಿಡಿಯಲ್ಲ ಕಣೇ."

"ದಟ್ಸ್ ನಾಟ್ ದ ಪಾಯಿಂಟ್, ಅಪ್ಪಾ. ನಂಗೆ ಓದಕ್ಕೂ ಬರಲ್ಲ."

ಅವಳು ಹೇಳಿದ್ದು ನಿಜ. ಭಾನುವಾರದ ಕನ್ನಡ ಕ್ಲಾಸು ಅವಳನ್ನು 'ಅರಸ, ಆಟ' ದಾಟಿಸಿರಲಿಲ್ಲ.

ಹರಾಜು ಮನೆಯಿಂದ ಆಯುಧಗಳ ತಜ್ಞೆಯೊಬ್ಬರು ಬಂದರು. ಮಗಳಿಗಿಂತ ಚಿಕ್ಕವರು. ಉಳಿದವನ್ನೆಲ್ಲ ಆಸ್ಪತ್ರೆಯ ವಾರ್ಡಿನಲ್ಲಿ ನಡೆದಂತೆ ನೋಡುತ್ತ ನಡೆದು, ಪಿಸ್ತೂಲಿನ ಮುಂದೆ ನಿಂತರು. ನಾನು ಟಾರ್ಚ್ ಹಿಡಿದು ಅಕ್ಷರ ತೋರಿಸಿದೆ. ಅವರು ಉಸಿರೆಳೆದುಕೊಂಡರು. ಇಂಥ ಬರಹವಿರುವುದು ಅಪರೂಪ, ಒಂದು ಮ್ಯೂಸಿಯಂನವರಿಗೆ ತಿಳಿಸುತ್ತೇನೆ, ಅವರು ಹರಾಜಿಗೆ ಬಂದಾರು ಎಂದರು. ಮ್ಯೂಸಿಯಂ! ಗಾಜಿನ ಪೆಟ್ಟಿಗೆ, ತಣ್ಣನೆಯ ಬೆಳಕು, ಪಕ್ಕದಲ್ಲಿ ಚೀಟಿ. ಎಂದೋ ಒಂದು ದಿನ ಬೆಂಗಳೂರಿನಿಂದ ಓದಲು ಬಂದ ಯಾವ ಹುಡುಗಿಯಾದರೂ ಬಗ್ಗಿ ನೋಡಿ ನಾಲ್ಕನೆಯ ಅಕ್ಷರವನ್ನೂ ಓದಿಬಿಡಬಹುದು. ನನಗೆ ಬೇಕಾಗಿದ್ದುದು ಅಷ್ಟೇ.

"ಹರಾಜು ಮನೆಗೆ ತರುವ ತನಕ ಬಟ್ಟೆಯಿಂದ ಕೂಡ ಒರೆಸಬೇಡಿ," ಎಂದು ಹೇಳಿಹೋದರು. ಈ ಎಚ್ಚರಿಕೆಯನ್ನು ಹೆಂಡತಿಗೆ ದಾಟಿಸುವ ಅಗತ್ಯ ನನಗೆ ಕಾಣಲಿಲ್ಲ. ಮೂವತ್ತು ವರ್ಷ ಆ ಕೋಣೆಗೆ ವ್ಯಾಕ್ಯೂಮ್ ಕೂಡ ಹಾಕದವಳು ಅವಳು. ಪಿಸ್ತೂಲು ಲೋಕದಲ್ಲೇ ಅತ್ಯಂತ ಸುರಕ್ಷಿತ ಜಾಗದಲ್ಲಿತ್ತು.

ನಡುವೆ ಆಯುಧಪೂಜೆ ಬಂತು.

ನಮ್ಮ ಮನೆಯ ಆಯುಧಪೂಜೆಯ ವೈಚಿತ್ರ್ಯವೆಂದರೆ ಅದರಲ್ಲಿ ಆಯುಧಗಳಿಗೆ ಸ್ಥಾನವಿರಲಿಲ್ಲ. ಕಾರು, ಲ್ಯಾಪ್‌ಟಾಪು, ಮಿಕ್ಸಿ, ಈಳಿಗೆಮಣೆ, ಬಾಯ್ಲರು ಎಲ್ಲಕ್ಕೂ ಕುಂಕುಮ. ಮಹಡಿಯ ಮೇಲಿನ ನಿಜವಾದ ಆಯುಧಗಳಿಗೆ ಒಂದು ಎಸಳು ಹೂವಿಲ್ಲ. 'ಅವು ಯಾರ್ಯಾರನ್ನ ಕೊಂದಿವೆಯೋ ಏನೋ' ಎಂಬುದು ಅವಳ ವಾದ. ಆ ಬೆಳಿಗ್ಗೆ ನಾನು ಬೂದುಗುಂಬಳ, ಚೆಂಡುಹೂ ತರಲು ಕಿಂಗ್ಸ್‌ಬರಿಗೆ ಹೋದೆ. ಅಂಗಡಿಯಲ್ಲಿ ಅರ್ಧ ವಾಯವ್ಯ ಲಂಡನ್ನೇ ಬೂದುಗುಂಬಳಕ್ಕೆ ಸಾಲು ನಿಂತಿತ್ತು. ತಿರುಗಿ ಬರುವಾಗ ಮಧ್ಯಾಹ್ನವಾಗಿತ್ತು.

ದೇವರ ಮುಂದೆ, ರೇಷ್ಮೆಯ ರವಿಕೆ ಕಣದ ಮೇಲೆ ಏನೋ ಹೊಳೆಯುತ್ತಿತ್ತು. ಹೊಸ ದೀಪದ ಕಂಬ ತರಿಸಿದಳೇನೋ ಅಂದುಕೊಂಡೆ. ಹತ್ತಿರ ಹೋದೆ.

ದೀಪದ ಕಂಬಕ್ಕೆ ಕೋವಿಯ ಕುದುರೆ ಇರುವುದಿಲ್ಲ.

"ಹೇಗಿದೆ ರೀ?" ಎಂದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು. ಬೆರಳೆಲ್ಲ ಹುಣಸೆಹಣ್ಣಿನ ರಸಕ್ಕೆ ನೆರಿಗೆಗಟ್ಟಿತ್ತು. "ಬಾತ್‌ರೂಮಲ್ಲಿ ಸ್ಟೂಲ್ ಹಾಕ್ಕೊಂಡು ಕೂತೆ. ಹುಣಸೆಹಣ್ಣು, ಉಪ್ಪು, ಆಮೇಲೆ ರಂಗೋಲಿ ಪುಡಿ. ಎಷ್ಟು ಕಿಲುಬು ಅಂತೀರಿ! ತಂತಿ ಬ್ರಶ್ ತಗೊಳ್ಳೋ ಹಾಗಾಯ್ತು."

"ಮೆಟ್ಟಿಲು ಹತ್ತಿದೆಯಾ?" ಇಷ್ಟೇ ನನ್ನ ಬಾಯಿಂದ ಬಂತು.

"ಕೂತ್ಕೊಂಡು ಕೂತ್ಕೊಂಡು ಹತ್ತಿದೆ. ಮತ್ತಿನ್ನೇನು? ಇಷ್ಟು ವರ್ಷ ನಮ್ಮನೇಲಿತ್ತು, ಬೇರೆ ಮನೆಗೆ ಹೋಗ್ತಾ ಇದೆ. ಹೆಣ್ಣುಮಗಳನ್ನ ಮಂಗಳಸ್ನಾನ ಮಾಡಿಸದೆ ಹಾಗೇ ಕಳಿಸ್ತಾರಾ? ನೋಡಿದವರು ಏನಂದ್ಕೋಬೇಕು, ಈ ಮನೇಲಿ ಹೆಂಗಸರಿಲ್ವಾ ಅಂತ."

ಕನ್ನಡಕ ಹಾಕಿಕೊಂಡೆ. ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ನಳಿಗೆಯಲ್ಲಿ ನನ್ನ ಮುಖ ಉದ್ದುದ್ದ ಕಾಣುತ್ತಿತ್ತು, ಅಕ್ಷರಗಳಿದ್ದ ಜಾಗದಲ್ಲಿ ಮೂಗು ಬಂದಿತ್ತು. ಅದರ ಮೇಲೆ ಅಚ್ಚುಕಟ್ಟಾಗಿ ಒಂದು ಕುಂಕುಮದ ಬೊಟ್ಟು. ಮೂವತ್ತು ವರ್ಷ ದ್ವೇಷಿಸಿದ ವಸ್ತುವನ್ನು ಅವಳು ಮೊದಲ ಬಾರಿಗೆ ಪ್ರೀತಿಯಿಂದ ಮುಟ್ಟಿದ್ದಳು. ಏನೆಂದು ಬಯ್ಯುವುದು? ಮಂಗಳಾರತಿಯ ತಟ್ಟೆ ಕೈಗಿತ್ತಳು, ಬೆಳಗಿದೆ.

ಹರಾಜು ಮನೆಗೆ ಒಯ್ಯಲು ಕುಂದಾಪುರದ ಗೆಳೆಯರೊಬ್ಬರು ತಮ್ಮ ಹೋಟೆಲಿನ ವ್ಯಾನ್ ತಂದಿದ್ದರು. ಟೂಟಿಂಗ್‌ನಲ್ಲಿ ದೋಸೆ ಹೋಟೆಲು ನಡೆಸುವವರು. ಕೋವಿಗಳನ್ನು ಉದ್ದಿನಬೇಳೆಯ ಮೂಟೆಗಳ ನಡುವೆ ಮಲಗಿಸಿದರು.

"ಹ್ವಾಯ್, ಪೊಲೀಸ್ರ್ ಹಿಡ್ದ್ರೆ ಇವ್ರ್ ಯಾರಂತ್ಲೇ ನಂಗೊತ್ತಿಲ್ಲ ಅಂತೆ ಹೇಳ್ತೆ, ಕಾಣಿ," ಎಂದರು. ಆಮೇಲೆ ಪಿಸ್ತೂಲಿನ ಬಟ್ಟೆ ಸರಿಸಿದರು. "ಹೋ! ಪಸ್ಟ್ ಕ್ಲಾಸ್ ಆಯ್ತ್ ಮರ್ರೆ. ಬಂಗಾರದ್ ಕಣೆಗ್ ಕಾಣತ್ತ್."

ಇಡೀ ಲಂಡನ್ನಿನಲ್ಲಿ ಅದನ್ನು ನೋಡಿ ಖುಷಿಪಟ್ಟವರು ಅವರು ಮತ್ತು ನನ್ನ ಹೆಂಡತಿ, ಇಬ್ಬರೇ. ಇಬ್ಬರೂ ಪಾತ್ರೆ ತೊಳೆಯುವುದೆಂದರೇನೆಂದು ಬಲ್ಲವರು.

ತಜ್ಞೆ ಪಿಸ್ತೂಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿದರು. ಇಂಗ್ಲಿಷರ ಸೌಜನ್ಯ ಭಯಂಕರವಾದದ್ದು. ಕೂಗಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ಹುಡುಕಿದರು, ಅಳಿದ ಊರನ್ನು ಹುಡುಕುವವರ ಹಾಗೆ. ಕೊನೆಗೆ ಒಂದು ಅಕ್ಷರದ ಬಾಲ ಸಿಕ್ಕಿತು.

"ಇದನ್ನು ಸ್ವಚ್ಛ ಮಾಡಲಾಗಿದೆ," ಎಂದರು ಮೆಲ್ಲಗೆ.

"ಹೌದು. ಧಾರ್ಮಿಕ ಕಾರಣಗಳಿಗಾಗಿ."

ಅವರು ತಲೆಯಾಡಿಸಿದರು. ಈ ದೇಶದಲ್ಲಿ ಹಾಗಂದರೆ ಮುಂದೆ ಪ್ರಶ್ನೆ ಕೇಳುವುದಿಲ್ಲ.

"ನನ್ನ ಹತ್ತಿರ ಹಳೆಯ ಫೋಟೋಗಳಿವೆ," ಎಂದೆ.

"ಅವು ಈಗ ಏನು ಅಳಿಸಿಹೋಗಿದೆ ಎನ್ನುವುದಕ್ಕೆ ಮಾತ್ರ ಸಾಕ್ಷಿ," ಎಂದರು. ಹೇಳಿದ ಮೇಲೆ ಅವರಿಗೇ ಕಸಿವಿಸಿಯಾಗಿ ನನಗೆ ಟೀ ಬೇಕೇ ಎಂದು ಕೇಳಿದರು. ಮ್ಯೂಸಿಯಂನವರಿಗೆ ತಾವೇ ತಿಳಿಸುವುದಾಗಿಯೂ ಹೇಳಿದರು. ಬರಬೇಡಿ ಎಂದು ತಿಳಿಸುವುದು ಎಂದರ್ಥ.

ಹರಾಜಿನ ದಿನ ನಾನೊಬ್ಬನೇ ಟ್ಯೂಬ್‌ನಲ್ಲಿ ಹೋಗಿ ಅದೇ ಹಿಂದಿನ ಸಾಲಿನಲ್ಲಿ ಕೂತೆ. ಈ ಸಲ ಮುಖಕ್ಕೆ ಹಲ್ಲುನೋವನ್ನು ತಂದುಕೊಳ್ಳಬೇಕಾಗಿರಲಿಲ್ಲ. ಪಿಸ್ತೂಲು ಕ್ಯಾಟಲಾಗಿನ ಕೊನೆಗೆ ಸರಿದಿತ್ತು, ಒಂದು ಹುಕ್ಕಾ ಮತ್ತು ಎರಡು ಮೊಂಡು ಕತ್ತಿಗಳ ಜೊತೆಗೆ: 'ಭಾರತೀಯ ಅಲಂಕಾರಿಕ ವಸ್ತುಗಳು'. ಅಂತೂ ಕಾನೂನಿನ ಪ್ರಶ್ನೆ ಬಗೆಹರಿಯಿತು ಎಂದುಕೊಂಡೆ. ಕುತೂಹಲ ಹೋಯಿತು, ಅಲಂಕಾರ ಉಳಿಯಿತು.

ಒಂದೇ ಕೈ ಮೇಲೆದ್ದಿತು. ಸುತ್ತಿಗೆ ಬಿತ್ತು. ಕೊಂಡವನನ್ನು ಹೊರಗೆ ಮಾತಾಡಿಸಿದೆ. ಹೋಟೆಲುಗಳ ಒಳಾಂಗಣ ಸಿಂಗರಿಸುವ ಗುತ್ತಿಗೆದಾರ, ಒಳ್ಳೆಯ ಮನುಷ್ಯ. ಹೊಸ ಇಂಡಿಯನ್ ಕರಿ ಹೌಸ್ ಒಂದರ ಬಾರಿನ ಹಿಂದಿನ ಗೋಡೆಗೆ ಬೇಕಾಗಿತ್ತಂತೆ. ಹೊಳೆಯುತ್ತಿದ್ದುದೇ ಅನುಕೂಲವಾಯಿತು ಎಂದ. ಇನ್ನೂ ಒಂದು ಕೋಟ್ ಮೆರುಗೆಣ್ಣೆ ಹೊಡೆಸುತ್ತಾನಂತೆ, ಮಸಾಲೆಯ ಹೊಗೆಗೆ ಕಪ್ಪಾಗಬಾರದಲ್ಲ. ಅದರ ಮೇಲೆ ಒಂದು ಹೆಸರಿತ್ತು ಎಂದು ಹೇಳಲು ಬಾಯಿ ತೆರೆದೆ. ಯಾವ ಹೆಸರು ಎಂದು ಕೇಳಿಯಾನು ಎನಿಸಿತು. ಶುಭವಾಗಲಿ ಎಂದೆ.

ಮನೆಯಲ್ಲಿ ಹೆಂಡತಿ ಪೆಟ್ಟಿಗೆಗಳ ನಡುವೆ ಕಾಲು ನೀಡಿಕೊಂಡು ಕೂತಿದ್ದಳು.

"ಹೋಯ್ತಾ?"

"ಹೋಯ್ತು."

"ಮ್ಯೂಸಿಯಂನೋರೇ ತಗೊಂಡ್ರಾ?"

"ಗೋಡೆ ಮೇಲೆ ಇಡೋರು ತಗೊಂಡ್ರು. ತುಂಬ ಜನ ಬಂದು ಹೋಗೋ ಜಾಗ."

"ಹೊಳೀತಿದ್ದಿದ್ದು ನೋಡಿದ್ರಾ?"

"ನೋಡಿಯೇ ತಗೊಂಡ್ರು," ಎಂದೆ. ಅದು ಸುಳ್ಳಲ್ಲ.

ಅವಳ ಮುಖ ಅರಳಿತು. ಈ ಮೊಣಕಾಲು ನೋವು ಶುರುವಾದ ಮೇಲೆ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ. ಹರಾಜು ಮನೆಯವರು ಬೇಡವೆಂದು ವಾಪಸು ಕಳಿಸಿದ ಮೂರು ಕೋವಿಗಳು ಬಾಗಿಲ ಹಿಂದೆ ಒರಗಿದ್ದವು. ಅವಳು ಅವುಗಳತ್ತ ಕತ್ತು ಚಾಚಿ, ಮೊದಲ ಸಲವೆಂಬಂತೆ, ಕುತೂಹಲದಿಂದಲೇ ನೋಡಿದಳು.

"ನಾನು ಹೇಳಿರ್ಲಿಲ್ವಾ? ಕಿಲುಬು ಹಿಡಿದಿದ್ದನ್ನ ಯಾರು ಮುಟ್ತಾರೆ! ತನ್ನಿ ಇಲ್ಲಿ, ಇವನ್ನೂ ತಿಕ್ಕಿಡ್ತೀನಿ. ಅವೇ ಹೋಗ್ತವೆ ನೋಡಿ."

ಅಡುಗೆಮನೆಗೆ ಹೋದೆ. ಪಾತ್ರೆಗಳೆಲ್ಲ ಪೆಟ್ಟಿಗೆ ಸೇರಿದ್ದವು, ಒಂದು ಬಟ್ಟಲು ಮಾತ್ರ ಹೊರಗಿತ್ತು. ಅದಕ್ಕೆ ಬಿಸಿನೀರು ಹಾಕಿ ಹುಣಸೆಹಣ್ಣು ನೆನೆಯಿಟ್ಟೆ.