ಪಿಸ್ತೂಲಿಗೆ ಕೊಬ್ಬರಿ ಎಣ್ಣೆ

ನನ್ನ ಹತ್ತಿರ ಒಂದು ಪಿಸ್ತೂಲಿದೆ ಎಂದರೆ ಯಾರೂ ಹೆದರುವುದಿಲ್ಲ. ಮೊದಲು ನನ್ನ ಕನ್ನಡಕ ನೋಡುತ್ತಾರೆ, ಆಮೇಲೆ ಹೊಟ್ಟೆ ನೋಡುತ್ತಾರೆ, ಕೊನೆಗೆ "ಯಾಕೆ ಮೇಷ್ಟ್ರೇ, ಹುಡುಗ್ರು ಅಷ್ಟೊಂದು ಗಲಾಟೆ ಮಾಡ್ತಾರಾ?" ಎಂದು ಕೇಳುತ್ತಾರೆ. ತಿಪಟೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವ, ಊರಾಚೆ ಎರಡೆಕರೆ ತೆಂಗಿನ ತೋಟ ಇಟ್ಟುಕೊಂಡಿರುವ ಮನುಷ್ಯನಿಗೆ ಪಿಸ್ತೂಲು ಯಾತಕ್ಕೆ? ಈ ಪ್ರಶ್ನೆಗೆ ಉತ್ತರ ನನಗೂ ಗೊತ್ತಿರಲಿಲ್ಲ. ಸರ್ಕಾರ ಅದನ್ನೇ ರಿಜಿಸ್ಟರ್ಡ್ ಟಪಾಲಿನಲ್ಲಿ ಕೇಳಿದ ಮೇಲೆ ಯೋಚಿಸಲೇಬೇಕಾಯಿತು.

ಪಿಸ್ತೂಲು ನನ್ನ ಸೋದರಮಾವನದು. ಮಿಲಿಟರಿಯಿಂದ ನಿವೃತ್ತರಾಗಿ ತುರುವೇಕೆರೆಯಲ್ಲಿ ನೆಲೆಸಿದ್ದರು. ಒಂದು ದಿನ ಹೇಳಿ ಕಳಿಸಿ, ತಮ್ಮ ಇಬ್ಬರು ಮಕ್ಕಳ ಎದುರಿಗೇ ಅದನ್ನು ನನ್ನ ಕೈಗಿಟ್ಟು, "ನನ್ನ ಕೈ ನಡುಗೋಕೆ ಶುರುವಾಯ್ತು ಕಣಪ್ಪಾ. ನಿನ್ನ ಕೈ ನಡುಗಲ್ಲ. ನೀನೇ ಇಟ್ಕೋ" ಎಂದರು. ನನ್ನ ಕೈ ನಡುಗದೆ ಇದ್ದದ್ದು ಅದು ಅಲ್ಲಿಯವರೆಗೆ ಸೀಮೆಸುಣ್ಣಕ್ಕಿಂತ ಭಾರವಾದದ್ದನ್ನು ಎತ್ತಿರಲಿಲ್ಲ ಎಂಬ ಕಾರಣಕ್ಕೆ. ಅದನ್ನು ಹೇಳಿ ಅವರ ಮನಸ್ಸು ನೋಯಿಸಲಿಲ್ಲ. ಆರು ತಿಂಗಳು ಕಚೇರಿ ಸುತ್ತಿ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ‘ಉದ್ದೇಶ' ಎಂಬಲ್ಲಿ ‘ಗುರಿ ಅಭ್ಯಾಸ' ಎಂದು ಬರೆದೆ.

ಜರ್ಮನಿಯ ಮಾಲು. ಉದ್ದ ನಳಿಗೆ, ಅಕ್ರೋಟು ಮರದ ಹಿಡಿ. ಅದು ತಿನ್ನುವ ಪಾಯಿಂಟ್ ಟೂಟೂ ಕಾಡತೂಸಿನ ತಲೆ ಒಂದು ಅವರೆಕಾಳಿಗಿಂತ ಚಿಕ್ಕದು. ದೊಡ್ಡ ಬಂದೂಕುಗಳ ಕಾಡತೂಸಿಗೆ ಬೆನ್ನಿನ ನಟ್ಟನಡುವೆ ಪೆಟ್ಟು ಬಿದ್ದರೆ ಮದ್ದು ಹತ್ತಿಕೊಳ್ಳುತ್ತದೆ. ಇದಕ್ಕೆ ಹಾಗಲ್ಲ, ಅಂಚಿಗೆ ಬೀಳಬೇಕು. ನಡುವೆ ಎಷ್ಟು ಗುದ್ದಿದರೂ ಜಪ್ಪಯ್ಯ ಅನ್ನುವುದಿಲ್ಲ. ಅಂಚಿಗೆ ಏಟು ತಿಂದು ಹೊರಟದ್ದಕ್ಕೋ ಏನೋ, ನನ್ನ ಗುಂಡುಗಳೂ ಗುರಿಹಲಗೆಯ ನಡುವನ್ನು ಬಿಟ್ಟು ಅಂಚನ್ನೇ ಹುಡುಕಿಕೊಂಡು ಹೋಗುತ್ತಿದ್ದವು. ಕಂಪಾಸಿನಲ್ಲಿ ಹತ್ತು ವೃತ್ತ ಎಳೆದು ಗುರಿ ತಯಾರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಅದರೊಳಗೆ ಗುಂಡು ಹಾಕುವುದು ಬೇರೆ ವಿದ್ಯೆ.

ಸಂಜೆ ಸ್ಕೂಲು ಬಿಟ್ಟ ಮೇಲೆ ತೋಟದ ಹಿಂದಿನ ಕಟ್ಟೆಯ ಮಣ್ಣಿನ ಏರಿಗೆ ಗುರಿ ಆನಿಸಿ ಅಭ್ಯಾಸ. ಪಕ್ಕದ ತೋಟದ ಶಿವಣ್ಣ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಬೀಡಿ ಸೇದುತ್ತ ನೋಡುತ್ತಿದ್ದ. ಒಂದು ವಾರವಾದ ಮೇಲೆ ಕೇಳಿಯೇಬಿಟ್ಟ.

"ಅಲ್ಲಾ ಮೇಷ್ಟ್ರೇ, ಕಾಗದ ತೂತು ಮಾಡಕ್ಕೆ ಅಷ್ಟು ದೂರ ಯಾಕೆ ನಿಂತ್ಕಂತೀರಿ? ಹತ್ರ ಹೋಗಿ ಬೆರಳಾಗೆ ತಿವಿದ್ರೆ ಆಗಕಿಲ್ವಾ?"

ಆಟದ ನಿಯಮ ವಿವರಿಸಿದೆ. ಅವನಿಗೆ ಸಮಾಧಾನವಾಗಲಿಲ್ಲ. "ಓಗ್ಲಿ ಬುಡಿ, ಎಳನೀರು ತಿನ್ನೋ ಆ ಕೋತೀನಾದ್ರೂ ಹೊಡೀರಿ" ಎಂದ. ಜೀವ ಇರುವುದಕ್ಕೆ ಹೊಡೆಯುವುದಿಲ್ಲ ಎಂದೆ. "ಹಂಗಾರೆ ಒಂದು ಎಳನೀರು ಕೆಡವಿ, ಕುಡಿಯವಾ" ಎಂದ. ಮೇಲಕ್ಕೆ ಹಾರಿಸಿದ ಗುಂಡು ಎಲ್ಲೋ ಒಂದು ಕಡೆ ಕೆಳಗೆ ಇಳಿಯಲೇಬೇಕು, ಅಲ್ಲಿ ಯಾರಾದರೂ ಇರುತ್ತಾರೆ ಎಂದು ಗುರುತ್ವಾಕರ್ಷಣೆಯ ಪಾಠ ಶುರು ಮಾಡಿದೆ. ಅವನು ಬೀಡಿ ಹೊಸಕಿ ಎದ್ದು ಹೋದ. ಮೇಷ್ಟ್ರ ಪಿಸ್ತೂಲು ಸಸ್ಯಾಹಾರಿಯೂ ಅಲ್ಲ, ಮಾಂಸಾಹಾರಿಯೂ ಅಲ್ಲ, ಬರೀ ಕಾಗದ ತಿನ್ನುತ್ತದೆ ಎಂದು ಊರೆಲ್ಲ ಹೇಳಿಕೊಂಡು ಬಂದನಂತೆ.

ಮನೆಯಲ್ಲೂ ಅದಕ್ಕೆ ಭಾರೀ ಮರ್ಯಾದೆಯೇನೂ ಇರಲಿಲ್ಲ. ಆಯುಧಪೂಜೆಯ ದಿನ ನನ್ನ ಹೆಂಡತಿ ಜಯಮ್ಮ ಕುಡುಗೋಲು, ಈಳಿಗೆಮಣೆ, ನನ್ನ ಸೈಕಲ್ಲುಗಳ ಸಾಲಿನಲ್ಲಿ ಅದನ್ನೂ ಕೂರಿಸಿ, ಗುರಿ ನೋಡುವ ಮೇಲಿನ ಕಂಡಿಗೆ ಗಂಧವನ್ನು ಮೆತ್ತಿ, ಟ್ರಿಗರಿನ ಬಳೆಯಲ್ಲಿ ಸೇವಂತಿಗೆ ಸಿಗಿಸುತ್ತಿದ್ದಳು. ಆ ಗಂಧ ಒಣಗಿ ಗಟ್ಟಿಯಾಗಿ, ನಾನು ಅದನ್ನು ಸೂಜಿಯಲ್ಲಿ ಕೆರೆಯುತ್ತ ಕೂತರೆ ಮುಂದಿನ ದೀಪಾವಳಿ ಬರುತ್ತಿತ್ತು. "ಅದನ್ನ ಉಜ್ಜೋದ್ರಲ್ಲಿ ಅರ್ಧ ಸೈಕಲ್ ಉಜ್ಜಿದ್ರೆ ಬ್ರೇಕಾದ್ರೂ ಹಿಡೀತಿತ್ತು ಕಣ್ರೀ" ಎನ್ನುತ್ತಿದ್ದಳು. ಮಾತು ನಿಜ, ಬ್ರೇಕು ಹಿಡಿಯುತ್ತಿರಲಿಲ್ಲ.

ಆದರೆ ಒಂದು ಮಾತು ನಾಚಿಕೆ ಬಿಟ್ಟು ಹೇಳುತ್ತೇನೆ. ಕೈ ನೀಡಿ, ಉಸಿರು ಅರ್ಧಕ್ಕೆ ಹಿಡಿದು, ಮುಂದಿನ ಮೊನೆಯನ್ನು ಹಿಂದಿನ ಕಂಡಿಯೊಳಗೆ ಕೂರಿಸುವ ಆ ಐದಾರು ಸೆಕೆಂಡು ಇದೆಯಲ್ಲ, ಆಗ ಹೆಡ್‌ಮಾಸ್ಟರಿಲ್ಲ, ಇನ್‌ಸ್ಪೆಕ್ಷನ್ ಇಲ್ಲ, ನುಸಿ ಬಿದ್ದ ತೆಂಗಿನಕಾಯಿಯಿಲ್ಲ, ಮಗಳ ಜಾತಕವಿಲ್ಲ. ದಿನವಿಡೀ ಎಲ್ಲರಿಗೂ ಉತ್ತರ ಹೇಳುವ ನಾನು ಆಗ ಮಾತ್ರ ಯಾರಿಗೂ ಏನೂ ಹೇಳಬೇಕಾಗಿಲ್ಲ. ಗುಂಡು ಎಲ್ಲಿ ಬಿತ್ತು ಎಂಬುದು ಆಮೇಲಿನ ಮಾತು. ಆ ಪಿಸ್ತೂಲೆಂದರೆ ನನಗೆ ಪ್ರಾಣ.

ಅಂಥದ್ದರಲ್ಲಿ, ಲೈಸೆನ್ಸ್ ನವೀಕರಣಕ್ಕೆ ಹಾಕಿದ್ದ ಅರ್ಜಿಗೆ ಉತ್ತರವಾಗಿ ಆ ಟಪಾಲು ಬಂತು. ಗುರಿ ಅಭ್ಯಾಸಕ್ಕೆಂದು ಲೈಸೆನ್ಸ್ ಪಡೆದಿದ್ದೀರಿ. ಅಭ್ಯಾಸ ನಡೆದಿರುವುದಕ್ಕೆ ಯಾವುದಾದರೂ ಕ್ಲಬ್ಬಿನ ಸ್ಪರ್ಧೆಯಲ್ಲಿ ಪಡೆದ ಅಂಕಪಟ್ಟಿ ಹಾಜರುಪಡಿಸಿ. ತಪ್ಪಿದಲ್ಲಿ ಆಯುಧವನ್ನು ಠಾಣೆಗೆ ಒಪ್ಪಿಸಿ. ಠಾಣೆಗೆ ಹೋದ ಬಂದೂಕುಗಳ ಗತಿ ನನಗೆ ಗೊತ್ತು. ಮೂಲೆಯ ಪೆಟ್ಟಿಗೆಯಲ್ಲಿ ಬಿದ್ದು ತುಕ್ಕು ಹಿಡಿಯುತ್ತವೆ. ಎರಡು ದಿನ ಅನ್ನ ಸೇರಲಿಲ್ಲ. ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಕ್ಲಬ್ಬಿನಲ್ಲಿ ಸ್ಪರ್ಧೆ ಇದೆಯೆಂದು ಪತ್ತೆ ಮಾಡಿ ಹೆಸರು ಕೊಟ್ಟೆ.

ಪಿಸ್ತೂಲಿನ ಆರೈಕೆಗೆ ನಾನು ನಂಬಿದ್ದು ಬಾಷಾ ಸಾಹೇಬರನ್ನು. ತಿಪಟೂರಿನ ಪೇಟೆಯಲ್ಲಿ ಹೊಲಿಗೆ ಮೆಷೀನು ರಿಪೇರಿ ಮಾಡುವವರು, ನನ್ನ ಗೆಳೆಯರು. ಅವರು ಕೊಡುವ ಮೆಷೀನ್ ಎಣ್ಣೆಯೇ ಅದಕ್ಕೆ ಊಟ. ಹೊರಡುವ ಹಿಂದಿನ ಸಂಜೆ ನೋಡಿದರೆ ಡಬ್ಬಿ ಖಾಲಿ, ಅವರ ಅಂಗಡಿಯೂ ಮುಚ್ಚಿತ್ತು. ಅಡುಗೆಮನೆಯಲ್ಲಿ ಅದೇ ತಾನೆ ಗಾಣದಿಂದ ಬಂದ ಕೊಬ್ಬರಿ ಎಣ್ಣೆ ಘಮಘಮ ಎನ್ನುತ್ತಿತ್ತು. ನಮ್ಮ ಸೀಮೆಯವರಿಗೆ ಇದೊಂದು ದೌರ್ಬಲ್ಯ. ತಲೆಗೆ, ಸುಟ್ಟ ಗಾಯಕ್ಕೆ, ಬಾಗಿಲ ಕೀಲಿಗೆ, ಎಮ್ಮೆಯ ಕೊಂಬಿಗೆ, ಕಿವಿಯೊಳಗೆ ಹೊಕ್ಕ ಹುಳಕ್ಕೆ, ಎಲ್ಲಕ್ಕೂ ಕೊಬ್ಬರಿ ಎಣ್ಣೆಯೇ. ಜರ್ಮನಿಯವನಿಗೆ ಈ ಭಾಗ್ಯ ಎಲ್ಲಿ ಬರಬೇಕು ಎಂದುಕೊಂಡು ಪಿಸ್ತೂಲಿಗೆ ಸಂದುಗೊಂದು ಬಿಡದಂತೆ ಧಾರಾಳವಾಗಿ ಹಚ್ಚಿದೆ.

ಬಾಷಾ ಸಾಹೇಬರಿಗೂ ಬೆಂಗಳೂರಿನಲ್ಲಿ ಮೆಷೀನಿನ ಸಾಮಾನು ತರುವುದಿತ್ತು, ಜೊತೆಗೆ ಬಂದರು. ಬೆಳಗಿನ ಚಳಿಯಲ್ಲಿ ಹಲ್ಲು ಕಟಕಟ ಎನ್ನುತ್ತಿತ್ತು. ಕ್ಲಬ್ಬಿನ ಮೈದಾನದಲ್ಲಿ ಬಿಳೀ ಬಟ್ಟೆಯ ದೊಡ್ಡ ಮನುಷ್ಯರು, ಅವರ ನಡುವೆ ಮಫ್ಲರು ಸುತ್ತಿಕೊಂಡ ನಾನು. ಸೀಟಿ ಊದಿದರು. ಎಲ್ಲರ ಪಿಸ್ತೂಲುಗಳೂ ಢಂ ಎಂದವು. ನನ್ನದು ಟಿಕ್ ಎಂದಿತು. ಕಾಡತೂಸು ಬದಲಿಸಿದೆ, ಮತ್ತೆ ಟಿಕ್. ಮೂರನೆಯ ಸಲ ಆ ಟಿಕ್ಕೂ ಇಲ್ಲ.

ಕೈ ಎತ್ತಿದೆ. ಮೇಲ್ವಿಚಾರಕರು ಬಂದು ಪಿಸ್ತೂಲು ಖಾಲಿ ಮಾಡಿಸಿ, ಪರೀಕ್ಷಿಸಿ, ಮೂಸಿ ನೋಡಿ ಹುಬ್ಬೇರಿಸಿದರು. ಹಗ್ಗದಾಚೆ ನಿಂತಿದ್ದ ಬಾಷಾ ಸಾಹೇಬರನ್ನು ಕರೆದು ತೋರಿಸಿದೆ. ಬಿಚ್ಚಿದರೆ ಒಳಗೆಲ್ಲ ಬೆಣ್ಣೆಯಂತೆ ಬೆಳ್ಳಗೆ ಹೆಪ್ಪುಗಟ್ಟಿದೆ. ಕಾಡತೂಸಿನ ಅಂಚಿಗೆ ಪೆಟ್ಟು ಕೊಡಬೇಕಾದ ಮುಳ್ಳು ಮುಂದಕ್ಕೆ ಹೋಗಲಾರದೆ ಅದರಲ್ಲಿ ಹೂತು ಕೂತಿದೆ.

"ಅರೆ ಅಲ್ಲಾ! ಮೇಷ್ಟ್ರೇ, ಪಿಸ್ತೂಲ್ಗೆ ತಲೆಗೆ ಎಣ್ಣೆ ಹಚ್ಚಿ ಕರ್ಕೊಂಡು ಬಂದಿದ್ದೀರಲ್ರೀ! ಜಡೆ ಒಂದು ಹಾಕೋದು ಬಾಕಿ!"

ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ ಎಂಬುದನ್ನು ನಾನು ವರ್ಷ ವರ್ಷವೂ ಎಂಟನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಬರೆಯದ ಹುಡುಗರಿಗೆ ಸೊನ್ನೆ ಹಾಕುತ್ತೇನೆ. ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಮೇಲ್ವಿಚಾರಕರು ನಕ್ಕು ನಕ್ಕು ಸುಸ್ತಾಗಿ, ಕೊನೆಯ ತಂಡದೊಂದಿಗೆ ಇನ್ನೊಂದು ಅವಕಾಶ ಕೊಡುತ್ತೇನೆ, ಅಷ್ಟರಲ್ಲಿ ಸರಿಮಾಡಿಕೊಳ್ಳಿ ಎಂದರು. ನಾವಿಬ್ಬರೂ ಬಿಸಿಲು ಬಿದ್ದ ಚಪ್ಪಡಿಯ ಮೇಲೆ ಪಿಸ್ತೂಲಿನ ಭಾಗಗಳನ್ನು ಹರಡಿ ಕಾಗೆ ಕಾಯುವವರಂತೆ ಕೂತೆವು. ಒಣಗಿಸುವ ಕೆಲಸ ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಲು ವರ್ಷ ಕಾಯುವವರು ನಾವು. ಎಣ್ಣೆ ಕರಗಿ ಇಳಿಯಿತು, ಬಾಷಾ ಸಾಹೇಬರು ತಮ್ಮ ಕರ್ಚೀಫಿನಲ್ಲಿ ಒರೆಸಿ ಜೋಡಿಸಿಕೊಟ್ಟರು.

ಎರಡನೇ ಸಲ ಅದು ಒಂದೇ ಒಂದು ಬಾರಿಯೂ ಕೈಕೊಡಲಿಲ್ಲ. ಹತ್ತಕ್ಕೆ ಹತ್ತೂ ಢಂ ಎಂದವು. ಅಲ್ಲಿಗೆ ನನಗಿದ್ದ ಒಂದೇ ಒಂದು ನೆಪವೂ ಹೋಯಿತು. ಮೂರು ಗುಂಡು ಪಕ್ಕದವರ ಕಾಗದಕ್ಕೆ ಬಿದ್ದಿದ್ದವು, ಅವರು ಹದಿಮೂರು ತೂತು ಎಣಿಸಿ ತಬ್ಬಿಬ್ಬಾಗಿದ್ದರು. ನನಗೆ ಬಂದದ್ದು ನೂರಕ್ಕೆ ಮೂವತ್ತೊಂದು. ನಾನೇ ಮೌಲ್ಯಮಾಪಕನಾಗಿದ್ದರೆ ನಾಲ್ಕು ಅಂಕ ಎಲ್ಲಿಂದಾದರೂ ಹುಡುಕಿ ಪಾಸು ಮಾಡುತ್ತಿದ್ದೆ. ಅವರು ಮಾಡಲಿಲ್ಲ, ಅಂಕಪಟ್ಟಿಗೆ ಮೊಹರು ಒತ್ತಿ ಕೊಟ್ಟರು.

ಆ ಕಾಗದ ಹಿಡಿದು ತುಮಕೂರಿನ ಕಚೇರಿಗೆ ಹೋದಾಗ ಪಿಸ್ತೂಲನ್ನೂ ಚೀಲದಲ್ಲಿ ತೆಗೆದುಕೊಂಡೇ ಹೋಗಿದ್ದೆ, ಅಲ್ಲಿಯೇ ಒಪ್ಪಿಸಿ ಬರೋಣ ಎಂದು. ಜಯಮ್ಮ ಬಾಗಿಲಲ್ಲಿ ನಿಂತು, "ಹೋಗ್ಲಿ ಬಿಡಿ, ಇದ್ದಷ್ಟು ದಿನ ಇತ್ತು" ಎಂದಳು. ಹೇಳುತ್ತಲೇ ಚೀಲದ ಬಾಯನ್ನು ತಾನೇ ಭದ್ರವಾಗಿ ಕಟ್ಟಿದಳು. ಗುಮಾಸ್ತ ಅಂಕಪಟ್ಟಿ ನೋಡಿ ತುಟಿ ಕಚ್ಚಿಕೊಂಡು ಸಾಹೇಬರ ಮುಂದಿಟ್ಟ. ಸಾಹೇಬರು ಅದನ್ನು ಓದಿದರು, ನನ್ನನ್ನು ನೋಡಿದರು, ಮತ್ತೆ ಓದಿದರು.

"ಮೇಷ್ಟ್ರೇ, ಗುರಿ ಅಭ್ಯಾಸಕ್ಕೆ ಅಂತ ತಾನೆ ಲೈಸೆನ್ಸು?"

"ಹೌದು ಸಾರ್."

"ನೀವು ತೊಂಬತ್ತು ತಗೊಂಡಿದ್ರೆ, ಇನ್ನೇನ್ರೀ ಅಭ್ಯಾಸ ನಿಮಗೆ ಅಂತ ಕೇಳ್ತಿದ್ದೆ. ಮೂವತ್ತೊಂದು! ನಿಮಗಲ್ದೆ ಇನ್ಯಾರಿಗ್ರೀ ಅಭ್ಯಾಸ ಬೇಕಾಗಿರೋದು?" ಎಂದವರೇ ಹಸಿರು ಶಾಯಿಯಲ್ಲಿ ಬರೆದರು: ‘ಅರ್ಜಿದಾರರಿಗೆ ಅಭ್ಯಾಸದ ತೀವ್ರ ಅಗತ್ಯ ಕಂಡುಬಂದಿದೆ. ಮೂರು ವರ್ಷಕ್ಕೆ ನವೀಕರಿಸಿ.'

ವಾಪಸು ಬರುವಾಗ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬನೇ ನಗುತ್ತಿದ್ದೆ. ತಿಪಟೂರು ಹತ್ತಿರವಾಗುತ್ತಿದ್ದಂತೆ ನಗು ನಿಂತಿತು. ಮೂವತ್ತೊಂದು ತೆಗೆದ ಎಷ್ಟು ಹುಡುಗರಿಗೆ ನಾನು "ನಿನಗ್ಯಾಕೋ ಸ್ಕೂಲು, ಹೋಗಿ ಎಮ್ಮೆ ಕಾಯಿ" ಎಂದಿಲ್ಲ? ಒಬ್ಬನಿಗಾದರೂ ಹಸಿರು ಶಾಯಿಯಲ್ಲಿ ಒಂದು ಸಾಲು ಬರೆದಿದ್ದೇನೆಯೇ? ಆಮೇಲಿಂದ ಆ ಮಾತು ನನ್ನ ಬಾಯಿಗೆ ಬಂದಿಲ್ಲ.

ಈಚೆಗೆ ಒಂದು ತೊಂದರೆ ಶುರುವಾಗಿದೆ. ದಿನವೂ ಹೊಡೆದು ಹೊಡೆದು ಒಮ್ಮೊಮ್ಮೆ ಗುಂಡು ಹೋಗಬೇಕಾದ ಕಡೆಗೇ ಹೋಗಿಬಿಡುತ್ತದೆ. ಆಗೆಲ್ಲ ಎದೆ ಧಸಕ್ಕೆನ್ನುತ್ತದೆ. ಮುಂದಿನ ನವೀಕರಣಕ್ಕೆ ಇನ್ನೂ ಎರಡು ವರ್ಷವಿದೆ, ಅಷ್ಟರಲ್ಲಿ ಎಲ್ಲಿ ಕಲಿತುಬಿಡುತ್ತೇನೋ ಎಂದು ಭಯ.