ಮಿಸಾವೊ ಬಗ್ಗದೆ ನಿಂತ ದಿನ

ನಮ್ಮ ತೊಚಿಹಾರಾ ಸ್ಟೇಷನ್ನಿನಿಂದ ರೈಲ್ವೆಯವರು ಮಾಸ್ತರನ್ನು ವಾಪಸು ಕರೆಸಿಕೊಂಡ ಮೇಲೆ ಅಲ್ಲಿ ಉಳಿದದ್ದು ಒಂದು ಬೆಂಚು, ಒಂದು ಗಡಿಯಾರ ಮತ್ತು ಮಿಸಾವೊ. ಯಾರೂ ಅವಳಿಗೆ ಕೆಲಸ ಕೊಟ್ಟಿರಲಿಲ್ಲ. ಆದರೂ ಪ್ಲಾಟ್‌ಫಾರ್ಮಿನ ಹಿಮ ಗೋರುವವಳು ಅವಳೇ, ಬೆಂಚಿನ ದಿಂಬುಗಳಿಗೆ ಕವರು ಹೊಲಿಯುವವಳೂ ಅವಳೇ. ಒಂದೇ ಬೋಗಿಯ ರೈಲು ಹೊರಡುವಾಗ ಡ್ರೈವರು ಬಿಳಿ ಗವಸಿನ ಕೈಯನ್ನು ಹಣೆಗೆ ಮುಟ್ಟಿಸಿದರೆ ಇವಳು ಸೊಂಟ ಮಡಿಸಿ ಬಗ್ಗುವಳು. ರೈಲು ಸುರಂಗ ಸೇರುವವರೆಗೂ ತಲೆ ಎತ್ತುತ್ತಿರಲಿಲ್ಲ. ಎದುರಿಗೇ ತೋಫು ಅಂಗಡಿ ಇಟ್ಟುಕೊಂಡಿರುವ ನನಗೆ ಅದನ್ನು ನೋಡಿ ನೋಡಿ ನಗು, ಕೆಲವೊಮ್ಮೆ ಸಿಟ್ಟು. ಖಾಲಿ ಬೋಗಿಗೆ ಇಷ್ಟು ಮರ್ಯಾದೆ ಯಾಕೆ?

ಹಾತ್ಸು ಅವಳ ಬಾಲ್ಯದ ಗೆಳತಿ. ಒಂದೇ ತಟ್ಟೆಯ ಮೂಲಂಗಿ ಉಪ್ಪಿನಕಾಯಿಗೆ ಜಗಳವಾಡುತ್ತಲೇ ಇಬ್ಬರೂ ಮುದುಕಿಯರಾದರು. ಹೋದ ಚಳಿಗಾಲದಲ್ಲಿ ಹಾತ್ಸುವನ್ನು ಪೇಟೆಯ ಆಸ್ಪತ್ರೆಗೆ ಸೇರಿಸಲು ಮಗ ಕರೆದುಕೊಂಡು ಹೊರಟ. ಅವಳು ಮರಳಿ ಬರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

"ರೈಲು ಹತ್ತಿದಾಗೆಲ್ಲ ನಿನ್ನ ನೆತ್ತಿನೇ ನೋಡಿದೀನಿ ಕಣೇ, ಇವತ್ತಾದ್ರೂ ಮುಖ ತೋರ್ಸು," ಅಂದಳು ಹಾತ್ಸು.

"ಈ ಸುಕ್ಕು ಮುಖದಲ್ಲಿ ಏನ್ ನೋಡ್ತೀಯೇ?" ಅಂದಳು ಮಿಸಾವೊ.

"ಸುಕ್ಕೇ ನೋಡ್ತೀನಿ. ಬಗ್ಗಬೇಡ, ಅಷ್ಟೇ."

"ಆಯ್ತು ತಾಯಿ, ಬಗ್ಗಲ್ಲ. ಹತ್ತು, ಚಳಿ ಹೊಡೀತಿದೆ."

ಹಾತ್ಸು ಕಿಟಕಿಯ ಗಾಜಿಗೆ ಅಂಗೈ ಒತ್ತಿಕೊಂಡು ಕೂತಳು. ಡ್ರೈವರು ಹಣೆಗೆ ಕೈ ಮುಟ್ಟಿಸಿದ. ಮಿಸಾವೊಳ ಸೊಂಟ ತಾನಾಗಿಯೇ ಮಡಚಿಕೊಂಡಿತು. "ಮಿಸಾವೊ!" ಎಂದು ನಾನು ಕೂಗಿಕೊಂಡೆ. ಅವಳು ತಲೆ ಎತ್ತುವಷ್ಟರಲ್ಲಿ ರೈಲು ಸುರಂಗದೊಳಗಿತ್ತು.

"ಅಯ್ಯೋ, ಬಗ್ಗಿಬಿಟ್ನಲ್ಲೇ," ಎನ್ನುತ್ತ ಹಿಮದಲ್ಲೇ ಕುಸಿದು ಕೂತಳು. ನಾನು ಕೈ ಹಿಡಿದು ಎಬ್ಬಿಸಿದೆ.

ಮರುದಿನವೇ ಆಸ್ಪತ್ರೆಗೆ ಹೋಗುತ್ತೇನೆಂದು ಒಳ್ಳೆಯ ಕೋಟು ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ರೈಲಿಗಿಂತ ಮೊದಲು ಹಾತ್ಸುವಿನ ಮಗನ ಫೋನು ಬಂತು. ಅಮ್ಮ ಹೋಗಿಬಿಟ್ಟಳಂತೆ.

ಕೆಲವು ದಿನ ಕಳೆದು ಮಗ ಅಸ್ಥಿ ತಂದ, ಅದೇ ರೈಲಿನಲ್ಲಿ. ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಇಳಿದ. ಡ್ರೈವರು ಟೋಪಿ ತೆಗೆದ. ನಾವೆಲ್ಲ ತಲೆ ಬಗ್ಗಿಸಿದೆವು. ಮಿಸಾವೊ ಮಾತ್ರ ನೆಟ್ಟಗೆ ನಿಂತಿದ್ದಳು.

"ಬಗ್ಗೇ, ಜನ ಏನಂದ್ಕೋತಾರೆ?" ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಅವಳಿಗೆ ಕೇಳಿಸಿತೋ ಇಲ್ಲವೋ. ತಲೆವಸ್ತ್ರ ಬಿಚ್ಚಿ, ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿ, ಪೆಟ್ಟಿಗೆಯ ಎದುರಿಗೆ ಮುಖ ತಂದಳು.

"ನೋಡ್ಕೊಳ್ಳೇ ಹಾತ್ಸು," ಅಂದಳು, "ಬಗ್ಗಿಲ್ಲ ನಾನು."