ಹಾಡಿನ ನಡುವೆ ಒಂದು ಭಲೇ

ಮೊನ್ನೆ ಲೀಡ್ಸ್‌ಗೆ ಹೊರಟವಳು ದಾರಿಯಲ್ಲಿ ಚಿಪ್ಸ್ ಕಟ್ಟಿಸಿಕೊಂಡು ಕಾರಿಗೆ ಬಂದು ಕೂತೆ. ವಿನೆಗರ್ ವಾಸನೆ ಮೂಗಿಗೆ ಬಡಿದದ್ದೇ ತಡ, ವಸಂತನ ನೆನಪು ಬಂತು. ನಿಮಗೆ ಮಲ್ಲಿಗೆಯ ಘಮಕ್ಕೆ ಯಾರೋ ನೆನಪಾಗುತ್ತಾರೇನೋ. ನನ್ನ ಹಣೆಬರಹ, ವಿನೆಗರ್.

ತೊಂಬತ್ತರ ದಶಕದ ಕೊನೆ. ನನ್ನ ಗಂಡನೂ ಅವರ ಗೆಳೆಯ ವಸಂತನೂ ಹಡರ್ಸ್‌ಫೀಲ್ಡಿನಲ್ಲಿ ಕಿರಿಯ ಡಾಕ್ಟರುಗಳು. ಆರು ತಿಂಗಳಿಗೊಮ್ಮೆ ಕೆಲಸ ಬದಲು, ಮನೆ ಬದಲು. ನಾನಂತೂ ಸಾಂಬಾರ ಡಬ್ಬಿಗಳನ್ನು ರಟ್ಟಿನ ಪೆಟ್ಟಿಗೆಯಿಂದ ಹೊರತೆಗೆಯುವುದನ್ನೇ ಬಿಟ್ಟಿದ್ದೆ. ವಸಂತನ ಚಡಪಡಿಕೆ ನನಗಿಂತ ಹೆಚ್ಚು. ಊಟಕ್ಕೆ ಕರೆದರೆ ತಟ್ಟೆ ಹಿಡಿದು ಅಡ್ಡಾಡುತ್ತಲೇ ಉಣ್ಣುತ್ತಿದ್ದ. ಧಾರವಾಡದಲ್ಲಿ ತಾಯಿಯ ಎದುರು ಕೂತು ಹಿಂದೂಸ್ತಾನಿ ಸಂಗೀತ ಕಲಿತವನು ಇಲ್ಲಿ ವಾರಾಂತ್ಯ ಬಂದರೆ ಅಗಲ ಟೋಪಿ ಹಾಕಿ, ಗಿಟಾರ್ ಹೊತ್ತು, ಕಾರ್ಮಿಕರ ಕ್ಲಬ್ಬುಗಳಲ್ಲಿ ‘ಡಕೋಟಾ ವಿನ್ಸ್’ ಆಗುತ್ತಿದ್ದ. ಲಾರಿ ಡ್ರೈವರು, ತಪ್ಪಿಹೋದ ರೈಲು, ಬಿಟ್ಟುಹೋದ ಹೆಂಡತಿ, ಇಂಥವೇ ತುಂಬಿದ ಅಮೆರಿಕದ ಕಂಟ್ರಿ ಹಾಡುಗಳು. ಅಮೆರಿಕದ ಡಕೋಟಾ ಹಾಗಿರಲಿ, ಪಶ್ಚಿಮಕ್ಕೆ ಮ್ಯಾಂಚೆಸ್ಟರ್ ದಾಟಿದವನಲ್ಲ! ಆದರೂ ಯಾರ್ಕ್‌ಷೈರಿನ ಅಜ್ಜಿಯರು ಮುಂದಿನ ಕುರ್ಚಿಗಾಗಿ ಬೇಗ ಬಂದು ಕೂರುತ್ತಿದ್ದರು.

ಮಗನ ಈ ಅವತಾರವನ್ನು ಕಣ್ಣಾರೆ ನೋಡಲು ತಾಯಿ ಗಂಗಕ್ಕ ಊರಿನಿಂದ ಬಂದರು. ಒಂದು ಭಾನುವಾರ ಮಧ್ಯಾಹ್ನ ಕ್ಲಬ್ಬಿನ ಬಾಗಿಲಲ್ಲಿ ವಸಂತ ನನ್ನನ್ನು ತಡೆದ.

“ವೈನಿ, ಅವ್ವ ಬ್ಯಾಡ ಅಂದ್ರ ಇವತ್ತಿಗೆ ಮುಗೀತು. ಗಿಟಾರ್ ಇಲ್ಲೇ ಬಿಟ್ಟು ಬರತೀನಿ.”

ನಾನು ನಕ್ಕೆ. ಅವನು ನಗಲಿಲ್ಲ.

ಆ ಕ್ಲಬ್ಬಿನ ಶಿಸ್ತು ನಮ್ಮ ದೇವಸ್ಥಾನಗಳಲ್ಲೂ ಇಲ್ಲ. ಹಾಡುವಾಗ ಯಾರಾದರೂ ಪಿಸುಗುಟ್ಟಿದರೂ ಕಾರ್ಯದರ್ಶಿ ಮೈಕಿನಲ್ಲಿ “ಆರ್ಡರ್ ಪ್ಲೀಸ್!” ಎಂದು ಬಾಯಿ ಮುಚ್ಚಿಸುತ್ತಾನೆ. ಗಂಗಕ್ಕ ಇಳಕಲ್ ಸೀರೆಯ ಮೇಲೆ ಸ್ವೆಟರ್ ತೊಟ್ಟು, ಎದುರಿನ ವಿನೆಗರ್ ಸುರಿದ ಚಿಪ್ಸ್ ಮುಟ್ಟದೆ, ಮುಖ ಗಂಟು ಹಾಕಿಕೊಂಡು ಕೂತಿದ್ದರು. ಎರಡು ಹಾಡು ಮುಗಿದರೂ ತುಟಿಪಿಟಿಕ್ ಎನ್ನಲಿಲ್ಲ. ವೇದಿಕೆಯ ಮೇಲೆ ಅತ್ತಿತ್ತ ತಿರುಗುತ್ತಿದ್ದವನ ಕಣ್ಣು ನಮ್ಮ ಮೇಜಿಗೇ ಬಂದು ಹೋಗುತ್ತಿತ್ತು.

ಮೂರನೆಯದು, ಮನೆಗೆ ಮರಳುವ ರೈಲು ತಪ್ಪಿಸಿಕೊಂಡವನ ಹಾಡು. ವಸಂತ ಮೇಲಿನ ಸ್ವರಕ್ಕೆ ಏರಿ ಅಲ್ಲೇ ತುಸು ನಿಂತ ನೋಡಿ, ಗಂಗಕ್ಕ ತೊಡೆ ತಟ್ಟಿ ಕೂಗಿದರು: “ಭಲೇ!”

ಇಡೀ ಕ್ಲಬ್ಬು ತಿರುಗಿತು. “ಆರ್ಡರ್ ಪ್ಲೀಸ್!”

ಧಾರವಾಡದ ಬೈಠಕ್ಕಿನಲ್ಲಿ ಭಲೇ ಬಿದ್ದರೆ ಗಾಯಕ ಆ ಸಾಲನ್ನು ಮತ್ತೆ ಹಾಡುತ್ತಾನೆ. ವಸಂತನೂ ಹಾಡಿದ. ಡ್ರಮ್ಮಿನವನು ಆಗಲೇ ಮುಂದಿನ ಸಾಲಿನಲ್ಲಿದ್ದ; ಇವನು ಹಿಂದಿನದರಲ್ಲೇ. ಮೂರನೆಯ ಸಲಕ್ಕೆ ಪಾಪ, ಡ್ರಮ್ಮಿನವನೂ ಹಿಂದಕ್ಕೆ ಬಂದ. ನಾನು ಕಂಡಂತೆ ವಸಂತ ಒಂದೇ ಕಡೆ ನಿಂತು ಹಾಡಿದ್ದು ಅದೇ ಮೊದಲು.

“ಅವ್ವಾ, ಹೆಂಗಿತ್ತು?” ಎಂದ ಆಮೇಲೆ.

“ಹಾಡು ನಿಂದೇ ಖರೆ. ಟೋಪಿ ಮಾತ್ರ ಯಾರದೋ ಏನೋ,” ಎಂದು ಗಂಗಕ್ಕ ತಣ್ಣಗಾದ ಚಿಪ್ಸ್ ಬಾಯಿಗಿಟ್ಟರು.

ವಸಂತನ ಹೆಸರು ಬರ್ಮಿಂಗ್‌ಹ್ಯಾಮ್‌ವರೆಗೂ ಹೋಯಿತು. ಕ್ಲಬ್ಬಿನ ಅಜ್ಜಂದಿರು ನಡುನಡುವೆ ಭಲೇ ಎನ್ನಲು ಕಲಿತರು. ಕಾರ್ಯದರ್ಶಿ ಸೋತು ಸುಮ್ಮನಾದ. ಆದರೆ ಹೋದ ವರ್ಷ ಗಂಗಕ್ಕ ತೀರಿಕೊಂಡ ಮೇಲೆ ವಸಂತ ಹಾಡುವುದನ್ನೇ ನಿಲ್ಲಿಸಿದ. ಕೇಳಿದರೆ, “ಎಲ್ಲಿ ನಿಂದರಬೇಕು ತಿಳೀವಲ್ದು ವೈನಿ,” ಎಂದ.

ಆ ಮಧ್ಯಾಹ್ನ ಕ್ಲಬ್ಬಿನಲ್ಲಿ ನಾನು ರೆಕಾರ್ಡ್ ಮಾಡಿಕೊಂಡ ಕ್ಯಾಸೆಟ್ ನನ್ನ ಈ ಹಳೆಯ ಕಾರಿನಲ್ಲೇ ಬಿದ್ದಿತ್ತು. ಮೊನ್ನೆ ಚಿಪ್ಸ್ ಪಕ್ಕಕ್ಕಿಟ್ಟು ಅದನ್ನು ಹಾಕಿದೆ. ಈಗ ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ನಿನಲ್ಲಿರುವ ವಸಂತನಿಗೆ ಫೋನ್ ಮಾಡಿ, ಮಾತಾಡದೆ, ಫೋನನ್ನು ಸ್ಪೀಕರಿಗೆ ಹಿಡಿದೆ. ಗಂಗಕ್ಕನ ಭಲೇ ಬಂತು. ಆ ಕಡೆಯಿಂದ ಒಂದು ಕೆಮ್ಮು. ಒಡೆದ ಗಂಟಲಿನಲ್ಲಿ ವಸಂತ ಅದೇ ಸಾಲನ್ನು ಎತ್ತಿಕೊಂಡ.

ನಾನು ಕೀ ತಿರುಗಿಸಿ ಕ್ಯಾಸೆಟ್ ನಿಲ್ಲಿಸಿದೆ. ಅವನು ನಿಲ್ಲಿಸಲಿಲ್ಲ.